ನಡುವಿನ ಆರು ಡಿಸ್ಕು

ಹತ್ತು ದಿನ ತಲೆ ಎತ್ತುವ ಹಾಗಿಲ್ಲ ಎಂದು ಕಣ್ಣಿನ ಡಾಕ್ಟರಮ್ಮ ಹೇಳಿದಾಗ ನಮ್ಮ ಯಜಮಾನರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಇಪ್ಪತ್ತಾರು ವರ್ಷದಿಂದ ಈ ಮನುಷ್ಯನನ್ನು ಬಲ್ಲೆ. ಸಿಟಿ ಬಸ್ಸಿನ ಡ್ರೈವರು. ಸ್ಟಿಯರಿಂಗ್ ಮುಂದೆ ಎಂಟು ಗಂಟೆ ಗೂಟ ಹೊಡೆದ ಹಾಗೆ ಕೂರುತ್ತಾರೆ, ಮನೆಗೆ ಬಂದರೆ ಹತ್ತು ನಿಮಿಷ ಒಂದು ಕಡೆ ನಿಲ್ಲುವುದಿಲ್ಲ. ನಲ್ಲಿ ತಿರುಗಿಸಿದೆಯಾ, ಕಿಟಕಿಯ ಚಿಲಕ ಹಾಕಿದೆಯಾ, ಬೀದಿಯಲ್ಲಿ ಯಾರ ಗಾಡಿ ನಿಂತಿತು ಎಂದು ಊಟದ ನಡುವೆ ಮೂರು ಸಲ ಏಳದಿದ್ದರೆ ಅವರಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಅವರ ಬಲಗಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಸಣ್ಣ ತೂತು ಬಿದ್ದಿತ್ತು. ಮೊದಲು ಗೊತ್ತಾದದ್ದು ರಸ್ತೆಯ ಮೇಲೆ. ದೀಪದ ಕಂಬಗಳೆಲ್ಲ ಸೊಂಟದ ಹತ್ತಿರ ಬಾಗಿದ ಹಾಗೆ ಕಾಣುತ್ತಿವೆ ಎಂದು ಬಂದು ಹೇಳಿದರು. ನಾನು ಕಂಬ ಹಾಕಿದವರನ್ನು ಬೈದೆ. ಆಮೇಲೆ ನಮ್ಮ ಮನೆಯ ಬಾಗಿಲ ಚೌಕಟ್ಟೂ ಬಾಗಿತು ಎಂದಾಗ ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

"ಆಪರೇಷನ್ ಮಾಡಿ ಕಣ್ಣೊಳಗೆ ಒಂದು ಗಾಳಿಗುಳ್ಳೆ ಬಿಡ್ತೀವಿ" ಎಂದರು ಡಾಕ್ಟರಮ್ಮ. "ನೀವು ಮುಖ ಕೆಳಗೆ ಮಾಡಿ ಮಲಗಿದ್ರೆ ಆ ಗುಳ್ಳೆ ಮೇಲೇರಿ ತೂತಿಗೆ ಒತ್ತಿಕೊಂಡಿರುತ್ತೆ. ತಲೆ ಎತ್ತಿದ್ರೆ ಜಾಗ ಬಿಡುತ್ತೆ. ಊಟಕ್ಕೆ, ಸ್ನಾನಕ್ಕೆ ಎದ್ರೂ ನೆಲ ನೋಡ್ಕೊಂಡೇ ಓಡಾಡ್ಬೇಕು."

"ಅಪ್ಪಿತಪ್ಪಿ ಎತ್ತಿದ್ರೆ?"

"ತೂತು ಮುಚ್ಚದೆ ಹೋಗ್ಬಹುದು. ಅಂದಹಾಗೆ, ನಿಮ್ಮ ಕೆಲಸ ಏನು ಅಂದ್ರಿ?"

ಇವರು ಹೇಳಿದರು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. ಒಂದೇ ಕಣ್ಣು ಕಾಣುವವನ ಕೈಗೆ ಯಾರೂ ಬಸ್ಸು ಕೊಡುವುದಿಲ್ಲ, ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಪರೇಷನ್ನು ಮುಂದಿನ ವಾರ ಎಂದು ಚೀಟಿ ಬರೆದುಕೊಟ್ಟರು. ನಮ್ಮ ಕೈಯಲ್ಲಿ ಆರು ದಿನ ಇತ್ತು.

ಮನೆಗೆ ಬರುವಾಗ ಇವರು ಕೇಳಿದರು. "ಹತ್ತು ದಿನ ನೆಲ ನೋಡ್ಕೊಂಡು ಏನೇ ಮಾಡ್ಲಿ?"

"ನೀವು ಏನೂ ಮಾಡ್ಬೇಡಿ. ಮಾಡೋದೆಲ್ಲ ನಾನು ಮಾಡ್ತೀನಿ" ಎಂದೆ. ಹೇಳುವಾಗಲೇ ನನ್ನ ತಲೆಯಲ್ಲಿ ಒಂದು ದಾರಿ ಹೊಳೆದಿತ್ತು.

ಈ ಲೋಕದಲ್ಲಿ ನಮ್ಮ ಯಜಮಾನರನ್ನು ಕಟ್ಟಿಹಾಕುವ ಶಕ್ತಿ ಇದ್ದದ್ದು ಒಂದೇ ಒಂದಕ್ಕೆ. ಅದು ಯಾವುದೋ ಪುಟ್ಟ ರೈಲು ಸ್ಟೇಷನ್ನಿನ ಹಳೆಯ ಧಾರಾವಾಹಿ. ಒಬ್ಬ ಸ್ಟೇಷನ್ ಮಾಸ್ತರು, ಒಬ್ಬಳು ಚಹಾ ಅಂಗಡಿಯವಳು, ಪ್ರತಿ ಕಂತಿನಲ್ಲೂ ರೈಲು ತಪ್ಪಿಸಿಕೊಂಡ ಒಬ್ಬ ಹೊಸ ಪ್ರಯಾಣಿಕ. ಇಷ್ಟೇ. ಇಪ್ಪತ್ತನಾಲ್ಕು ಡಿವಿಡಿ, ಒಂದೊಂದರಲ್ಲಿ ಎರಡೆರಡು ಕಂತು. ಡಿಪೋ ಪಕ್ಕದಲ್ಲೇ ಕಳ್ಳ ಕಾಪಿ ಮಾರುವವನು ಕೂಗಿ ಕೂಗಿ ಕರೆದರೂ ಆ ಕಡೆ ತಿರುಗಿ ನೋಡದೆ, ಅಂಗಡಿಗೇ ಹೋಗಿ, ತಿಂಗಳಿಗೊಂದರಂತೆ ಅಸಲಿಯನ್ನೇ ಕೊಂಡು ತಂದು ಸಾಲಾಗಿ ಜೋಡಿಸಿದ್ದರು. ಕಂದು ಬಣ್ಣದ ಡಬ್ಬಿಗಳು. ನಡುವೆ ಒಂಬತ್ತರಿಂದ ಹದಿನಾಲ್ಕರವರೆಗೆ ಆರು ಮಾತ್ರ ನೀಲಿ. ಇವರನ್ನು ಆರು ತಿಂಗಳು ಬೇರೆ ಊರಿನ ಡಿಪೋಗೆ ಹಾಕಿದ್ದಾಗ ಅಲ್ಲಿನ ಅಂಗಡಿಯಲ್ಲಿ ಸಿಕ್ಕವು ಅವು. ಸಾಲಿನ ಅಂದ ಕೆಟ್ಟಿತು ಎಂದು ಇವರು ಬಹಳ ದಿನ ಕೊರಗಿದ್ದರು.

ಅವರು ಅದನ್ನು ನೋಡುವಾಗ ನಾನು ಅಡುಗೆಮನೆಯಲ್ಲಿರುತ್ತಿದ್ದೆ. ರೈಲು ತಪ್ಪಿಸಿಕೊಂಡವರ ಗೋಳು ನನಗೇಕೆ? ಒಂದು ಕಂತನ್ನೂ ನಾನು ಕೂತು ನೋಡಿದವಳಲ್ಲ.

ಟಿವಿಯನ್ನು ಮಂಚದ ಕೆಳಗೆ ಮಲಗಿಸಲು ಆಗುವುದಿಲ್ಲ. ಆದರೆ ಅಂಗೈಯಗಲದ ಒಂದು ಪುಟ್ಟ ಪ್ಲೇಯರು ಮನೆಯಲ್ಲಿತ್ತು. ಇಪ್ಪತ್ತು ವರ್ಷ ಒಂದೂ ಅಪಘಾತವಿಲ್ಲದೆ ಬಸ್ಸು ಓಡಿಸಿದ್ದಕ್ಕೆ ಡಿಪೋದವರು ಕೊಟ್ಟದ್ದು. ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ. ಅದಕ್ಕೆ ಡಿಸ್ಕು ಹಾಕುವ ಜಾಗವಿಲ್ಲ. ಡಿಸ್ಕಿನಲ್ಲಿ ಇರುವುದನ್ನು ಕಂಪ್ಯೂಟರಿನಲ್ಲಿ ಅದಕ್ಕೆ ಬೇಕಾದ ಅಳತೆಗೆ ಕಿರಿದು ಮಾಡಿ ತುಂಬಬೇಕು. ನಾನು ಉಡುಪಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ಅಳತೆ ಎಂದರೆ ನನ್ನ ಕಸುಬು. ಇಷ್ಟೇ ತಾನೆ ಎಂದುಕೊಂಡೆ.

ಡಿಸ್ಕು ಕೈಯಲ್ಲಿ ಹಿಡಿದು ಕಂಪ್ಯೂಟರಿನ ಮುಂದೆ ನಿಂತೆ. ಮುಂದೆ ಹುಡುಕಿದೆ, ಪಕ್ಕದಲ್ಲಿ ಹುಡುಕಿದೆ, ಬಗ್ಗಿ ಹಿಂದೆಯೂ ಹುಡುಕಿದೆ. ತೂರಿಸಲು ಸೀಳೇ ಇಲ್ಲ! ಆಗ ನೆನಪಾಯಿತು. ಹೋದ ವಾರವಷ್ಟೇ ನಾನೇ ಹಠ ಹಿಡಿದು ಹಳೆಯ ಕಂಪ್ಯೂಟರ್ ತೆಗೆಸಿ ಹೊಸದು ಹಾಕಿಸಿದ್ದೆ. ಕಾರ್ಖಾನೆಯ ಸಮವಸ್ತ್ರಗಳ ನಕ್ಷೆ ಹಳೆಯದರಲ್ಲಿ ತೆರೆಯುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಹೊಸದನ್ನು ಜೋಡಿಸಿಕೊಟ್ಟವನು ನನ್ನ ತಮ್ಮ. ಅವನಿಗೆ ಫೋನು ಮಾಡಿದೆ.

"ಲೋ, ಡಿಸ್ಕ್ ಹಾಕೋ ಜಾಗ ಎಲ್ಲೋ?"

"ಈಗಿನದ್ರಲ್ಲಿ ಅದೆಲ್ಲ ಇರಲ್ಲ ಅಕ್ಕ. ಈಗ ಯಾರು ಡಿಸ್ಕ್ ಹಾಕ್ತಾರೆ?"

"ನಿಮ್ಮ ಭಾವ ಹಾಕ್ತಾರೆ! ಹಳೇದು ಎಲ್ಲಿ?"

"ಅದನ್ನ ಬಿಚ್ಚಿ ಹಾಕ್ಬಿಟ್ಟೆ. ಅದರ ಕಥೆ ಮುಗೀತು ಬಿಡು."

ನಾನು ಅವನಿಗೆ ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅಂದು ಅಲ್ಲಿಂದಲೂ ಜಾರಿತು. ಆದರೆ ಒಳಗೊಳಗೇ ಗೊತ್ತಿತ್ತು, ತಪ್ಪು ಅವನದಲ್ಲ. ಹೊಸದು ಬೇಕು ಎಂದು ಕುಣಿದವಳು ನಾನು. ಒಂದು ವಾರ ತಡೆದಿದ್ದರೆ ಆಗುತ್ತಿತ್ತು. ಅವರ ಕಣ್ಣಿಗೆ ನನ್ನಿಂದಲೇ ಕುತ್ತು ಬರಬಾರದು ಎಂದು ಅಂದೇ ಪಟ್ಟು ಹಿಡಿದೆ.

ಬೀದಿಯ ತಿರುವಿನಲ್ಲಿ ಒಬ್ಬ ಕಂಪ್ಯೂಟರ್ ರಿಪೇರಿಯವರಿದ್ದಾರೆ. ಅರವತ್ತು ದಾಟಿದವರು, ಬೆಸುಗೆಯ ಹೊಗೆಯಲ್ಲೇ ಗಡ್ಡ ಹಣ್ಣಾದವರು. ಮಾತು ಕಡಿಮೆ. ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಗಳನ್ನು ಅರ್ಧ ಗಂಟೆ ಕೆದಕಿ, ಯಾವುದೋ ಸತ್ತ ಕಂಪ್ಯೂಟರಿನ ಡಿಸ್ಕ್ ಡ್ರೈವ್ ಹೊರತೆಗೆದು, ಅದಕ್ಕೊಂದು ತಂತಿ ಜೋಡಿಸಿ, ಊದಿ ಧೂಳು ಹಾರಿಸಿ ನನ್ನ ಕೈಗಿಟ್ಟರು. ಪ್ಲೇಯರಿನ ಜೊತೆ ಬಂದಿದ್ದ ತಂತ್ರಾಂಶ ಹಾಕಿದರೆ ಹೊಸ ಕಂಪ್ಯೂಟರು ಅದನ್ನು ಗುರುತೇ ಹಿಡಿಯಲಿಲ್ಲ. ಮತ್ತೆ ಅವರ ಹತ್ತಿರ ಓಡಿದೆ. ಬೇರೊಂದು ಕೊಟ್ಟರು. ಅದನ್ನು ತೆರೆದರೆ ತುಂಬಬೇಕಾದ ಖಾಲಿ ಜಾಗಗಳು ಇಪ್ಪತ್ತು. ಚಿತ್ರದ ಅಗಲ, ಎತ್ತರ, ವೇಗ, ದನಿಯ ಬಗೆ, ಇನ್ನೂ ಏನೇನೋ. ಒಂದು ತಪ್ಪಿದರೂ ಪ್ಲೇಯರು ಕಪ್ಪು ಮುಖ ಮಾಡಿಕೊಂಡು ಕೂರುತ್ತಿತ್ತು.

ಎರಡು ದಿನ ಹೀಗೇ ಹೋಯಿತು. ಸಂಜೆ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಕಂಪ್ಯೂಟರ್ ಹಚ್ಚುತ್ತಿದ್ದೆ. ಏಳನೆಯ ಸಲಕ್ಕೆ ಪ್ಲೇಯರಿನಲ್ಲಿ ಬಣ್ಣ ಬಂತು, ಆದರೆ ಮಾಸ್ತರು ಮೂಕ. ಹನ್ನೊಂದನೆಯ ಸಲಕ್ಕೆ ಮಾಸ್ತರು ಮಾತಾಡಿದ. ಉದ್ದನೆಯ ಮುಖ, ಸಪೂರ ಮನುಷ್ಯ. ಅವನ ದನಿಯನ್ನು ಅಷ್ಟು ವರ್ಷ ಕೇಳಿದ್ದವಳು ಮುಖ ನೋಡಿದ್ದು ಅಂದೇ. ಐದು ನಿಮಿಷ ನೋಡಿದೆ, ಎಲ್ಲ ಸರಿಯಾಗಿತ್ತು. ಖುಷಿಗೆ ಮೇಜಿಗೆ ಗುದ್ದಿ ಕೈ ನೋಯಿಸಿಕೊಂಡೆ.

ರಿಪೇರಿಯವರು ಮೊದಲೇ ಎಚ್ಚರಿಸಿದ್ದರು. "ಮೇಡಂ, ಒಂದು ಡಿಸ್ಕ್ ಮಾಡಿ ಕೊನೇ ತನಕ ನೋಡಿ. ಆಮೇಲೆ ಉಳಿದಿದ್ದು ಮಾಡಿ."

ಒಂದು ಡಿಸ್ಕಿಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಇನ್ನೂ ಇಪ್ಪತ್ತಮೂರು ಬಾಕಿ. ಕೊನೆಯ ತನಕ ನೋಡುತ್ತಾ ಕೂರಲು ಪುರುಸೊತ್ತೆಲ್ಲಿ? ಕಾರ್ಖಾನೆಯಲ್ಲಿ ನಾನು ಕಟಿಂಗ್ ಮೇಜಿನವಳು. ನಲವತ್ತು ಪದರ ಬಟ್ಟೆ ಒಂದರ ಮೇಲೊಂದು ಹಾಸಿ, ಮೇಲೆ ಗುರುತು ಹಾಕಿ, ಯಂತ್ರದ ಅಲಗು ಇಳಿಸಿದರೆ ನಲವತ್ತೂ ಒಂದೇ ಏಟಿಗೆ ತುಂಡಾಗುತ್ತವೆ. ನನ್ನ ಕೈಗೆ ಅಭ್ಯಾಸವಾದದ್ದು ಆ ಲೆಕ್ಕ. ಮೊದಲನೆಯದರ ಅಳತೆಯನ್ನೇ ಎಲ್ಲಕ್ಕೂ ಕೊಟ್ಟು ಒಂದರ ಹಿಂದೊಂದು ಓಡಿಸಿದೆ. ಡಿಸ್ಕು ಬದಲಾಯಿಸಲು ತಮ್ಮನನ್ನು ಕೂರಿಸಿದೆ. ಬೈಸಿಕೊಂಡಿದ್ದ ಪಾಪಕ್ಕೆ ಅವನು ತುಟಿಪಿಟಿಕ್ಕೆನ್ನದೆ ಮಾಡಿದ. ಯಜಮಾನರು ಒಂದು ಕಂತು ನೋಡಿಬಿಡುತ್ತೇನೆ ಎಂದು ಬಂದರೆ ಅಟ್ಟಿದೆ. "ಈಗಲೇ ಸವೆಸ್ಬೇಡಿ. ಆಮೇಲೆ ಬೇಕು" ಎಂದೆ.

ಉಳಿದ ಹೊತ್ತಿನಲ್ಲಿ ಹಾಸಿಗೆ ಸಿದ್ಧಮಾಡಿದೆ. ಟೇಪು ಹಿಡಿದು ಅವರ ಮುಖದ ಅಳತೆ ತೆಗೆದೆ. ಹಣೆಯಿಂದ ಗದ್ದ, ಕಿವಿಯಿಂದ ಕಿವಿ.

"ಮುಖಕ್ಕೂ ಅಂಗಿ ಹೊಲಿತೀಯಾ?" ಎಂದರು.

"ಬಾಯಿಗೆ ಗುಂಡಿ ಇಡ್ತೀನಿ, ಸುಮ್ನಿರಿ."

ದಪ್ಪ ಸ್ಪಂಜಿನ ಹಾಸಿಗೆಯ ತಲೆಯ ಕಡೆ ಆ ಅಳತೆಗೆ ತೂತು ಕೊರೆದು, ಅಂಚಿಗೆ ಮೆತ್ತನೆಯ ಬಟ್ಟೆ ಸುತ್ತಿ ಹೊಲಿದೆ. ಮಂಚದಿಂದ ಹಾಸಿಗೆಯನ್ನು ಮುಂದಕ್ಕೆ ಎಳೆದು, ತಲೆಯ ಭಾಗ ಎರಡು ಬೆಂಚುಗಳ ಮೇಲೆ ನಿಲ್ಲುವಂತೆ ಮಾಡಿದೆ. ಬೆಂಚುಗಳ ನಡುವಿನ ಸಂದಿಯಲ್ಲಿ ನೆಲದ ಮೇಲೆ ಒಂದು ಮಣೆ, ಮಣೆಯ ಮೇಲೆ ಪ್ಲೇಯರು. ಮಲಗಿದವರು ತೂತಿನಿಂದ ನೋಡಿದರೆ ಎಡಗಣ್ಣಿಗೆ ನೇರವಾಗಿ ಕಾಣಬೇಕು. ನಾನೇ ಬೋರಲು ಮಲಗಿ ನೋಡಿದೆ. ಕಂಡಿತು. ಆಪರೇಷನ್ನಿನ ಹಿಂದಿನ ಸಂಜೆ ಇಪ್ಪತ್ತನಾಲ್ಕನೆಯ ಡಿಸ್ಕೂ ಮುಗಿಯಿತು. ಗೆದ್ದೆ ಎಂದುಕೊಂಡೆ.

ಆಪರೇಷನ್ ಸರಿಯಾಗಿ ನಡೆಯಿತು. ಬಲಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ನೆಲ ನೋಡುತ್ತಾ, ನನ್ನ ತೋಳು ಹಿಡಿದು ಮನೆಗೆ ಬಂದರು. ಬೋರಲು ಮಲಗಿಸಿ ಪ್ಲೇಯರು ಹಚ್ಚಿದೆ. ಸ್ಟೇಷನ್ನಿನ ಗಂಟೆ ಬಾರಿಸಿತು. ಅವರ ಭುಜ ಸಡಿಲವಾದದ್ದು ನನಗೆ ಹಿಂದಿನಿಂದಲೇ ಕಂಡಿತು. ನಾನು ಅಡುಗೆಮನೆಗೆ ಹೋದೆ.

ಮುಕ್ಕಾಲು ಗಂಟೆಯಾದ ಮೇಲೆ ನಗು ಕೇಳಿಸಿತು.

"ಲೇ, ಬಾ ಇಲ್ಲಿ. ಮಾಸ್ತರ ಬಾಯಲ್ಲಿ ಚಹಾದವಳ ದನಿ ಬರ್ತಿದೆ!"

ಹೋಗಿ ಬಗ್ಗಿ ನೋಡಿದೆ. ನಿಜ. ಮಾತು ಚಿತ್ರಕ್ಕಿಂತ ಮುಂದೆ ಓಡುತ್ತಿತ್ತು. ಶುರುವಿನಲ್ಲಿ ಗೊತ್ತೇ ಆಗದಷ್ಟು, ಹೋಗ್ತಾ ಹೋಗ್ತಾ ಜಾಸ್ತಿ. ಕೇಳುವ ಮೊದಲೇ ಉತ್ತರ ಬರುತ್ತಿತ್ತು, ರೈಲು ಹೋಗುವ ಮೊದಲೇ ಅದರ ಸದ್ದು ನಿಂತು ಬರೀ ಚಿತ್ರ ಓಡುತ್ತಿತ್ತು. ಎರಡನೆಯ ಡಿಸ್ಕು ಹಚ್ಚಿದೆ. ಅದೂ ಹಾಗೇ. ಐದನೆಯದು, ಹತ್ತೊಂಬತ್ತನೆಯದು, ಎಲ್ಲವೂ ಅಷ್ಟೆ. ಒಂದೇ ತಪ್ಪು ಅಳತೆಯಲ್ಲಿ ಇಪ್ಪತ್ತನಾಲ್ಕೂ ಕತ್ತರಿಸಿಹೋಗಿದ್ದವು.

ಮೊದಲ ದಿನ ನಗುವಿನಲ್ಲೇ ಕಳೆಯಿತು. ಎರಡನೆಯ ದಿನ ಬೆಳಿಗ್ಗೆ ನಗು ಹೋಯಿತು. "ತಲೆ ಚಿಟ್ಟು ಹಿಡೀತಿದೆ, ನಿಲ್ಲಿಸು" ಎಂದರು. ನಿಲ್ಲಿಸಿದೆ. ಆಮೇಲೆ ಬರೀ ನೆಲ. ನಮ್ಮ ನೆಲದ ಹಾಸುಗಲ್ಲಿನಲ್ಲಿ ಎಷ್ಟು ಬಿರುಕುಗಳಿವೆ ಎಂದು ಎಣಿಸಿ ನನಗೆ ಹೇಳಿದರು. ಬೀದಿಯಲ್ಲಿ ಏನೋ ಉರುಳಿದ ಸದ್ದಾಯಿತು. ಅಷ್ಟೇ. ಕೈಯೂರಿ, ಕುತ್ತಿಗೆ ಮೇಲೆತ್ತಿ, ಕಿಟಕಿಯ ಕಡೆ ತಿರುಗಿಯೇಬಿಟ್ಟರು.

ನಾನು ಚೀರಿದೆ. ತಲೆ ತಗ್ಗಿಸಿದರು. ಅರ್ಧ ಗಂಟೆ ಕಳೆಯುವುದರೊಳಗೆ ಮತ್ತೆ ಎತ್ತಿದರು, ಬಾಗಿಲಲ್ಲಿ ಯಾರೋ ಬಂದರು ಎಂದು. ಮೂರನೆಯ ಸಲ ಎತ್ತಿದಾಗ ನನಗೆ ಚೀರಲೂ ಆಗಲಿಲ್ಲ. ಆ ಗುಳ್ಳೆ ಜಾಗ ಬಿಟ್ಟು ಎಲ್ಲಿಗೆ ಹೋಗಿರಬಹುದು ಎಂಬುದೊಂದೇ ಯೋಚನೆ. ನನಗೆ ಭಯವಾಯಿತು, ಮದುವೆಯಾದ ಮೇಲೆ ಯಾವತ್ತೂ ಆಗದಷ್ಟು.

ತಮ್ಮನನ್ನು ಕರೆಸಿ ಅವರ ಪಕ್ಕ ಕಾವಲು ಕೂರಿಸಿದೆ. "ಎತ್ತಿದ್ರೆ ಕುತ್ತಿಗೆ ಮೇಲೆ ಕೂತ್ಕೋ" ಎಂದು ಹೇಳಿ ರಿಪೇರಿಯವರ ಅಂಗಡಿಗೆ ಓಡಿದೆ. ಅವರು ನಾನು ತುಂಬಿದ್ದ ಅಂಕಿಗಳ ಮೇಲೆ ಬೆರಳಾಡಿಸಿದರು.

"ಚಿತ್ರ ಒಂದು ಸೆಕೆಂಡಿಗೆ ಎಷ್ಟು ಸಲ ಬದಲಾಗ್ಬೇಕು ಅಂತ ಡಿಸ್ಕಲ್ಲೇ ಇರುತ್ತೆ. ಆ ಅಂಕಿ ನೋಡಿ ಹಾಕ್ಬೇಕಿತ್ತು. ನೀವು ಅಂದಾಜಲ್ಲಿ ಹಾಕಿದ್ದೀರಿ. ದನಿ ಅದರ ಪಾಡಿಗೆ ಅದು ಓಡುತ್ತೆ, ಚಿತ್ರ ಹಿಂದೆ ಬೀಳುತ್ತೆ." ಆಮೇಲೆ ಕನ್ನಡಕದ ಮೇಲಿನಿಂದ ನೋಡಿದರು. "ಕೊನೇ ತನಕ ನೋಡಿ ಅಂದಿದ್ದೆ."

"ಅಂದಿದ್ರಿ" ಎಂದೆ. ಅದಕ್ಕಿಂತ ಹೆಚ್ಚು ಮಾತಾಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಮನೆಗೆ ಬಂದು ಮೊದಲನೆಯ ಡಿಸ್ಕಿನ ಅಂಕಿ ನೋಡಿದೆ. ಇಪ್ಪತ್ತನಾಲ್ಕನೆಯದನ್ನೂ ನೋಡಿದೆ. ಎರಡೂ ಒಂದೇ. ನಮ್ಮ ಮೇಜಿನಲ್ಲಿ ಹಾಗೇ ಮಾಡುವುದು. ಕತ್ತರಿಸಿದ ಮೇಲೆ ಎಲ್ಲಕ್ಕಿಂತ ಮೇಲಿನ ತುಂಡನ್ನೂ ಎಲ್ಲಕ್ಕಿಂತ ಕೆಳಗಿನ ತುಂಡನ್ನೂ ತೆಗೆದು ಒಂದರ ಮೇಲೊಂದಿಟ್ಟು ನೋಡುತ್ತೇವೆ. ಅವೆರಡು ಹೊಂದಿದರೆ ನಡುವಿನ ಮೂವತ್ತೆಂಟನ್ನು ಯಾರೂ ಕೇಳುವುದಿಲ್ಲ. ಈ ಸಲ ಕಸುಬಿನ ಕಟ್ಟಳೆ ತಪ್ಪದೆ ಮಾಡಿದ್ದೇನೆ ಎಂಬ ಧೈರ್ಯದಲ್ಲಿ ಎಲ್ಲಕ್ಕೂ ಆ ಅಂಕಿ ಕೊಟ್ಟು ಹೊಸದಾಗಿ ಓಡಿಸಿದೆ.

ಮೊದಲ ಡಿಸ್ಕು ಸಿದ್ಧವಾಗಲು ಒಂದೂವರೆ ಗಂಟೆ. ಅದನ್ನು ಕೊನೆಯ ತನಕ ಪರೀಕ್ಷಿಸಲು ಮತ್ತೆ ಅಷ್ಟೇ ಹೊತ್ತು. ಅಲ್ಲಿಯವರೆಗೆ ಈ ತಲೆಯನ್ನು ಹಿಡಿದಿಡುವುದು ಹೇಗೆ? ತಮ್ಮ ಭಾವನ ಬೆನ್ನಿನ ಮೇಲೆ ಕೈಯಿಟ್ಟು ಕೂತಿದ್ದ, ಭಾವ ಅಂಡು ಸುಟ್ಟ ಬೆಕ್ಕಿನ ಹಾಗೆ ಹೊರಳಾಡುತ್ತಿದ್ದರು. ಕಂಪ್ಯೂಟರಿನ ಕಡೆ ನೋಡಿಕೋ ಎಂದು ಅವನನ್ನು ಎಬ್ಬಿಸಿ ಕಳಿಸಿ, ನಾನು ನೆಲದ ಮೇಲೆ ಅಂಗಾತ ಮಲಗಿ, ಎರಡು ಬೆಂಚುಗಳ ನಡುವೆ ತೆವಳಿಕೊಂಡು ಹೋದೆ.

ನನ್ನ ಮುಖಕ್ಕೆ ನೇರ ಮೇಲೆ ಅವರ ಮುಖ. ತೂತಿನ ಚೌಕಟ್ಟಿನೊಳಗೆ ಕೆನ್ನೆ ಜೋತು ಬಿದ್ದು, ಮೂಗು ಕೆಂಪಾಗಿ, ಒಂದು ಕಣ್ಣಿಗೆ ಪಟ್ಟಿ.

"ಇದೇನೇ ನಿನ್ನ ಅವತಾರ?" ಎಂದರು.

"ಪ್ಲೇಯರಿನ ದನಿ ಪೂರ್ತಿ ಇಳಿಸ್ತೀನಿ. ನೀವು ಚಿತ್ರ ನೋಡಿ. ಯಾರು ಬಾಯಿ ತೆರೆದ್ರು ಅಂತ ಹೇಳಿ. ಮಾತು ನಾನಾಡ್ತೀನಿ."

"ನೀನು ಒಂದು ದಿನಾನೂ ನೋಡಿಲ್ಲ."

"ಅಡುಗೆಮನೆಗೆ ಕಿವಿ ಇಲ್ವಾ?"

ಪ್ಲೇಯರನ್ನು ನನ್ನ ಎದೆಯ ಮೇಲೆ ಇಟ್ಟುಕೊಂಡು ಅವರ ಕಡೆ ತಿರುಗಿಸಿ ಹಿಡಿದೆ. ಎರಡನೆಯ ಡಿಸ್ಕಿನ ಮೊದಲ ಕಂತು. ಅವರು "ಮಾಸ್ತರು" ಎಂದರೆ ಮಾಸ್ತರ ಮಾತು, "ಚಹಾದವಳು" ಎಂದರೆ ಅವಳದು. ಎಷ್ಟು ವರ್ಷ ಕೇಳಿದ್ದೆನೋ, ತುದಿ ಸಿಕ್ಕರೆ ಸಾಕು, ಉಂಡೆಯ ದಾರದ ಹಾಗೆ ಉಳಿದದ್ದೆಲ್ಲ ಬಿಚ್ಚಿಕೊಂಡು ಬರುತ್ತಿತ್ತು. ಮುಖ ನೋಡದೆ ಕಲಿತದ್ದರಿಂದ ಯಾರ ಮಾತು ಯಾರದೆಂದು ಆಗಾಗ ತಪ್ಪುತ್ತಿತ್ತು. ರೈಲು ತಪ್ಪಿಸಿಕೊಂಡ ವಕೀಲನ ಮಾತನ್ನು ಹಮಾಲಿಗೆ ಕೊಟ್ಟೆ.

"ಅಯ್ಯೋ, ಅದು ವಕೀಲಂದು! ಹಮಾಲಿ ಕಾನೂನು ಮಾತಾಡ್ತಾನೇನೇ?"

"ಆಡ್ಲಿ ಬಿಡಿ. ನಗ್ಬೇಡಿ, ತಲೆ ಅಲ್ಲಾಡುತ್ತೆ."

ನಗು ತಡೆದುಕೊಂಡು ಅವರ ಎಡಗಣ್ಣಿನಲ್ಲಿ ನೀರು ತುಂಬಿ ನನ್ನ ಗದ್ದದ ಮೇಲೆ ಹನಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನೋಡನೋಡುತ್ತಾ ಅವರ ಮುಖದಲ್ಲಿ ನಗು ಇಳಿಯಿತು.

"ಲೇ" ಎಂದರು. ಮೆಲ್ಲಗೆ. "ಲೈಸೆನ್ಸ್ ಕಿತ್ಕೊಂಡ್ರೆ ನಾನು ಯಾರು ಹೇಳು? ನನಗೆ ಬೇರೆ ಏನೂ ಬರಲ್ಲ."

ಇಷ್ಟು ವರ್ಷದಲ್ಲಿ ಇಂಥ ಮಾತು ಅವರ ಬಾಯಿಂದ ಕೇಳಿರಲಿಲ್ಲ. ಕೇಳಲು ನಾನು ನೆಲಕ್ಕೆ ಬೆನ್ನು ಹಚ್ಚಬೇಕಾಯಿತು.

"ಕಿತ್ಕೊಳ್ಳಲ್ಲ" ಎಂದೆ. "ಆದ್ರೆ ಇನ್ನೊಂದ್ಸಲ ತಲೆ ಎತ್ತಬೇಡಿ. ನನಗೋಸ್ಕರ. ನನಗೆ ತುಂಬಾ ಹೆದರಿಕೆ ಆಗ್ತಿದೆ ಕಣ್ರೀ."

ಅವರು ಪ್ಲೇಯರಿನ ಕಡೆ ಕಣ್ಣಿಟ್ಟು "ಚಹಾದವಳು" ಎಂದರು. ನಾನು ಚಹಾದವಳ ಮಾತಾಡಿದೆ.

ಆ ದಿನ ಎರಡು ಡಿಸ್ಕು ಹೀಗೆ ದಾಟಿಸಿದೆವು. ನನ್ನ ಗಂಟಲು ಕಟ್ಟಿತು, ಬೆನ್ನು ಹಲಗೆಯಾಯಿತು. ಮರುದಿನ ಬೆಳಿಗ್ಗೆ ಹೊಸದಾಗಿ ಮಾಡಿದ ಮೊದಲ ಡಿಸ್ಕನ್ನು ಪ್ಲೇಯರಿನಲ್ಲಿ ಕೊನೆಯವರೆಗೂ ನೋಡಿದೆ. ಮಾತು ತುಟಿಗೆ ಅಂಟಿಕೊಂಡೇ ಇತ್ತು. ಇಪ್ಪತ್ತನಾಲ್ಕನೆಯದನ್ನೇ ಎರಡನೆಯ ಸರದಿಗೆ ಹಾಕಿ ಮಾಡಿಸಿದ್ದೆ, ಅದೂ ಹಾಗೇ. ಮೇಲಿನ ಪದರ ಸರಿ, ಕೆಳಗಿನ ಪದರ ಸರಿ. ಉಳಿದವನ್ನು ತಮ್ಮ ಎರಡು ದಿನದಲ್ಲಿ ಮುಗಿಸಿ ತುಂಬಿಕೊಟ್ಟ. ಐದನೆಯ ದಿನದಿಂದ ನಾನು ಕೆಲಸಕ್ಕೆ ಹೋದೆ. ಹೋಗುವಾಗ ಯಜಮಾನರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಬಂದಾಗ ತೆಗೆಯುತ್ತಿದ್ದೆ. ಬೆಳಿಗ್ಗೆ ಹೇಗೆ ಮಲಗಿದ್ದರೋ ಸಂಜೆಯೂ ಹಾಗೇ ಮಲಗಿರುತ್ತಿದ್ದರು.

"ಒಂದ್ಸಲನಾದ್ರೂ ಎತ್ತಿದ್ರಾ?" ಎಂದು ತಮ್ಮನನ್ನು ಕೇಳುತ್ತಿದ್ದೆ.

"ಇಲ್ಲ ಅಕ್ಕ. ಮೊನ್ನೆ ಪಕ್ಕದ ಮನೆ ಗೇಟಿಗೆ ಲಾರಿ ಗುದ್ದಿತು. ಊರೆಲ್ಲ ಸೇರಿತ್ತು. ಭಾವ ಅಲ್ಲಾಡ್ಲಿಲ್ಲ."

ನನ್ನ ಇಪ್ಪತ್ತನಾಲ್ಕು ಡಿಸ್ಕುಗಳ ಮಹಿಮೆ ಎಂದು ನಾನು ಬೀಗಿದೆ.

ಹತ್ತನೆಯ ದಿನ ಡಾಕ್ಟರಮ್ಮ ಯಂತ್ರದಲ್ಲಿ ಬಹಳ ಹೊತ್ತು ಇಣುಕಿ ನೋಡಿದರು. "ತೂತು ಮುಚ್ಚಿಕೊಳ್ತಾ ಇದೆ. ಇಷ್ಟು ಶಿಸ್ತಾಗಿ ಮಲಗೋರು ಕಡಿಮೆ" ಎಂದರು. ನಾನು ಕಾರಿಡಾರಿಗೆ ಬಂದು ಗೋಡೆಗೆ ಒರಗಿ ಅತ್ತೆ. ಗುಳ್ಳೆ ಕರಗಲು ಇನ್ನೂ ಕೆಲವು ವಾರ ಹಿಡಿಯಿತು. ನೋಟ ತಿಳಿಯಾಗಲು ನಾಲ್ಕು ತಿಂಗಳು. ಐದನೆಯ ತಿಂಗಳಲ್ಲಿ ಡಿಪೋದ ಕಣ್ಣಿನ ಪರೀಕ್ಷೆಯಲ್ಲಿ ಕೊನೆಯ ಸಾಲಿನ ಅಕ್ಷರಗಳನ್ನೂ ಓದಿ ಬಂದರು. ಮರುದಿನ ಖಾಕಿ ಅಂಗಿ ಹಾಕಿಕೊಂಡು ಹೊರಟಾಗ, ಬೀದಿಯ ತುದಿ ತಿರುಗುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.

ಆಮೇಲೆ ಒಂದು ರಜೆಯ ದಿನ ಮನೆಯಲ್ಲಿ ಒಬ್ಬಳೇ ಇದ್ದೆ. ತುಟಿ ಹೊಂದಿತೇ ಎಂದಷ್ಟೇ ನೋಡಿದ್ದ ಆ ಜನರ ಕಥೆಯನ್ನು ಒಮ್ಮೆ ಸಾವಕಾಶ ನೋಡಿಬಿಡೋಣ ಎನ್ನಿಸಿತು. ಹಾಸಿಗೆಯ ತೂತಿಗೆ ತುರುಕಿದ್ದ ಸ್ಪಂಜಿನ ಬಿಲ್ಲೆ ತೆಗೆದು, ಪ್ಲೇಯರನ್ನು ಕೆಳಗಿಟ್ಟು, ಇಯರ್‌ಫೋನ್ ಸಿಕ್ಕಿಸಿಕೊಂಡು ಬೋರಲು ಮಲಗಿದೆ. ನೋಡಿದರೆ ಹಾಗೇ ನೋಡಬೇಕು ಅಂತ ಹಠ. ಮೊದಲಿನದು ಬೇಡ, ನಡುವಿನದೊಂದು ಇರಲಿ ಎಂದು ಒಂಬತ್ತನೆಯದನ್ನು ಹಚ್ಚಿದೆ.

ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಾಸ್ತರು ಬಾಯಿ ಮುಚ್ಚಿದ ಮೇಲೆ ಮಾತು ಬರತೊಡಗಿತು. ಕಂತು ಮುಗಿಯುವ ಹೊತ್ತಿಗೆ ಒಬ್ಬನ ಮಾತು ಇನ್ನೊಬ್ಬನ ಮುಖದ ಮೇಲೆ ಬೀಳುತ್ತಿತ್ತು. ಹತ್ತನೆಯದು ಹಚ್ಚಿದೆ. ಹಾಗೇ. ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು. ಹದಿನೈದನೆಯದು ಮತ್ತೆ ಸರಿ.

ಎದ್ದು ಕಪಾಟಿನ ಮುಂದೆ ನಿಂತೆ. ಕಂದು ಡಬ್ಬಿಗಳ ನಡುವೆ ಆರು ನೀಲಿ. ಬೇರೆ ಊರಿನ ಅಂಗಡಿಯವು, ಬೇರೆ ಕಡೆ ತಯಾರಾದವು, ಅವುಗಳ ವೇಗವೂ ಬೇರೆ. ಮೇಲಿನ ಪದರ, ಕೆಳಗಿನ ಪದರ ನೋಡಿದರೆ ಸಾಕು ಎನ್ನುವುದು ಬಟ್ಟೆಯೆಲ್ಲ ಒಂದೇ ಥಾನಿನಿಂದ, ಅಂದರೆ ಒಂದೇ ಸುರುಳಿಯಿಂದ, ಬಂದಿದ್ದರೆ ಮಾತ್ರ. ಇವು ಒಂದೇ ಥಾನಿನವಲ್ಲ ಎಂದು ಬಣ್ಣವೇ ಕೂಗಿ ಹೇಳುತ್ತಿತ್ತು. ಥಾನು ನೋಡಿ ಬಟ್ಟೆ ಹಾಸುವ ನನಗೆ ಅದು ಕಾಣಲಿಲ್ಲ.

ಆರು ಡಿಸ್ಕು ಎಂದರೆ ಒಂಬತ್ತು ಗಂಟೆ. ಅರ್ಧ ದಿನ ಅದನ್ನು ತಡೆದುಕೊಳ್ಳಲಾಗದೆ ಮೂರು ಸಲ ತಲೆ ಎತ್ತಿದ್ದ ಮನುಷ್ಯ, ಆಮೇಲೆ ಒಂಬತ್ತು ಗಂಟೆ ಅದನ್ನೇ ನೋಡುತ್ತಾ ಮಲಗಿದ್ದರು. ಲಾರಿ ಗುದ್ದಿದರೂ ಅಲ್ಲಾಡಲಿಲ್ಲ. ನನಗೆ ಒಂದು ಮಾತು ಹೇಳಲಿಲ್ಲ.

ಮನೆಯಲ್ಲಿ ಕೂರಲಾಗಲಿಲ್ಲ. ಬೀಗ ಹಾಕಿ ಬಸ್ ಸ್ಟಾಪಿಗೆ ನಡೆದೆ. ಎರಡು ಬಸ್ಸು ಬಿಟ್ಟೆ. ಮೂರನೆಯದು ಅವರದು. ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೆ.

"ರೀ, ಆ ನೀಲಿ ಡಿಸ್ಕುಗಳು."

ಅವರು ಸ್ಟಿಯರಿಂಗ್ ಮೇಲಿನ ಕೈ ನೋಡಿಕೊಂಡರು. "ಹೂಂ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮತ್ತೆ ಕಂಪ್ಯೂಟರ್ ಮುಂದೆ ಕೂರ್ತಿದ್ದೆ. ನೀನು ಕೆಳಗೆ ಮಲಗಿದ್ದಾಗ ನೋಡಿದ್ದೆ, ನಿನ್ನ ಕಣ್ಣು ನನ್ನದಕ್ಕಿಂತ ಕೆಂಪಗಿತ್ತು."

"ಒಂಬತ್ತು ಗಂಟೆ ಹೇಗ್ರೀ ತಡ್ಕೊಂಡ್ರಿ?"

"ತಲೆ ಎತ್ತಬೇಡಿ ಅಂದಿದ್ದೆಯಲ್ಲ" ಎಂದರು. "ಎತ್ತಲಿಲ್ಲ."

ಹಿಂದೆ ನಿಂತಿದ್ದವರು "ಹತ್ತಮ್ಮ, ಇಲ್ಲ ಇಳಿಯಮ್ಮ" ಎಂದು ರೇಗಿದರು. ಯಾರಿಗೂ ಎದುರು ಮಾತಾಡದೆ ಹತ್ತಿದೆ. ಮುಂದಿನ ಸಾಲಿನಲ್ಲೇ ಸೀಟಿತ್ತು. ಅವರು ಬಾಗಿಲು ಹಾಕಿ, ಎಡಗನ್ನಡಿ ನೋಡಿ, ಬಲಗನ್ನಡಿ ನೋಡಿ ಬಸ್ಸು ಬಿಟ್ಟರು.

"ಯಾವ ಸ್ಟಾಪು?" ಎಂದು ಮುಂದೆ ನೋಡುತ್ತಲೇ ಕೇಳಿದರು.

"ಕೊನೇದು" ಎಂದೆ. ಗಾಜಿನಾಚೆ ದೀಪದ ಕಂಬಗಳು ಒಂದೊಂದಾಗಿ ನೆಟ್ಟಗೆ ನಮ್ಮ ಕಡೆ ಬರುತ್ತಿದ್ದವು.